ಹತ್ತಿಯ ಜಾಡು ಹಿಡಿದು ಮ್ಯಾಂಚೆಸ್ಟರಿಗೆ



ದಾವಣಗೆರೆಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರಿತ್ತು. ಹತ್ತಿ ಗಿರಣಿಗಳು ಊರಿಗೆಲ್ಲ ಅನ್ನ ಕೊಡುತ್ತಿದ್ದ ಕಾಲದ ಹೆಸರು ಅದು. ಅಹಮದಾಬಾದು, ಕೊಯಮತ್ತೂರುಗಳಿಗೂ ಇಂಥದೇ ಬಿರುದುಗಳು ಬಂದಿದ್ದವು. ಹೀಗೆ ಊರೂರಿಗೂ ತನ್ನ ಹೆಸರನ್ನು ಹಂಚಿದ ಆ ಮೂಲ ಮ್ಯಾಂಚೆಸ್ಟರ್ ಹೇಗಿದೆ? ಎರಡು ಮೂರು ದಿನದ ಮಟ್ಟಿಗೆ ಅಲ್ಲಿಗೆ ಹೋಗುವವರು ಏನು ನೋಡಬೇಕು, ಹೇಗೆ ಸಿದ್ಧರಾಗಬೇಕು? ಇವತ್ತಿನ ನನ್ನ ಮಾತು ಇದರ ಬಗ್ಗೆ.

ನಮ್ಮ ಎಷ್ಟೋ ಮನೆಗಳ ಮಕ್ಕಳು ಈಗ ಇಂಗ್ಲೆಂಡಿನಲ್ಲಿದ್ದಾರೆ. ಕೆಲವರು ಓದುತ್ತಿದ್ದಾರೆ, ಕೆಲವರು ಅಲ್ಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಡಾಕ್ಟರು, ನರ್ಸುಗಳಾಗಿದ್ದಾರೆ, ಇನ್ನು ಕೆಲವರು ಸಾಫ್ಟ್‌ವೇರ್ ಕಂಪನಿಗಳಲ್ಲಿದ್ದಾರೆ. ಅವರನ್ನು ನೋಡಲು ಹೋಗುವ ಅಪ್ಪ ಅಮ್ಮಂದಿರು ಲಂಡನ್ನಿನ ಸೇತುವೆ, ಅರಮನೆ, ಗಡಿಯಾರದ ಗೋಪುರ ನೋಡಿ, ಫೋಟೊ ತೆಗೆಸಿಕೊಂಡು ವಾಪಸಾಗುತ್ತಾರೆ. ಉತ್ತರ ಇಂಗ್ಲೆಂಡಿನ ಕಡೆ ಮುಖ ಮಾಡುವವರು ಕಡಿಮೆ. ಆದರೆ ನಮ್ಮ ನಾಡಿನ ಬದುಕನ್ನು ಲಂಡನ್ನಿನಷ್ಟೇ ಆಳವಾಗಿ ತಟ್ಟಿದ ಊರು ಮ್ಯಾಂಚೆಸ್ಟರ್. ಬಿಡುವು ಕಡಿಮೆ ಇದ್ದಾಗ ಅಲ್ಲಿಗೆ ಹೋಗುವವರಿಗೆ ನಾನು ಕೊಡುವ ಸಲಹೆ ಒಂದೇ: ಪಟ್ಟಿ ಹಿಡಿದು ಓಡಬೇಡಿ, ಹತ್ತಿಯ ಜಾಡು ಹಿಡಿದು ನಡೆಯಿರಿ. ಊರು ತಾನಾಗಿ ತೆರೆದುಕೊಳ್ಳುತ್ತದೆ.

ಹಾಗಾದರೆ ಮೊದಲು ಹತ್ತಿಯ ವಿಚಾರ ಹೇಳುತ್ತೇನೆ. 19ನೇ ಶತಮಾನದಲ್ಲಿ ಮ್ಯಾಂಚೆಸ್ಟರ್ ಮತ್ತು ಅದರ ಸುತ್ತಣ ಲ್ಯಾಂಕಾಶೈರಿನ ಊರುಗಳು ಜಗತ್ತಿಗೆಲ್ಲ ಬಟ್ಟೆ ನೇಯ್ದು ಕಳಿಸಿದವು. ಆ ಮಣ್ಣಿನಲ್ಲಿ ಹತ್ತಿ ಬೆಳೆಯುವುದಿಲ್ಲ. ಬೇಕಾದ ಹತ್ತಿಯಲ್ಲಿ ಮುಕ್ಕಾಲು ಪಾಲು ಅಮೆರಿಕದ ದಕ್ಷಿಣ ರಾಜ್ಯಗಳಿಂದ ಬರುತ್ತಿತ್ತು. ಅದನ್ನು ಬೆಳೆದು ಬಿಡಿಸುತ್ತಿದ್ದವರು ಗುಲಾಮರು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಬಂದರುಗಳಿಗೆ ದಿಗ್ಬಂಧನ ಬಿತ್ತು. ಲ್ಯಾಂಕಾಶೈರಿನ ಗಿರಣಿಗಳು ಒಂದೊಂದಾಗಿ ನಿಂತವು, ಲಕ್ಷಾಂತರ ಕೂಲಿಗಳು ಬೀದಿಗೆ ಬಿದ್ದರು. ಆ ದಿನಗಳನ್ನು ಅಲ್ಲಿಯ ಜನ ಇವತ್ತಿಗೂ ಹತ್ತಿಯ ಕ್ಷಾಮ ಎಂದೇ ನೆನೆಯುತ್ತಾರೆ.

ಆ ಕ್ಷಾಮದ ಬಿಸಿ ನಮ್ಮ ಧಾರವಾಡ ಸೀಮೆಗೂ ತಟ್ಟಿತು. ಅದಕ್ಕೂ ಮೊದಲೇ, 1840ರ ದಶಕದಲ್ಲಿ, ನ್ಯೂ ಆರ್ಲಿಯನ್ಸ್ ತಳಿಯ ಬೀಜ ತರಿಸಿ ನಮ್ಮ ಎರೆಹೊಲಗಳಲ್ಲಿ ಬಿತ್ತಿಸಿದ್ದರು. ‘ಧಾರವಾಡ ಅಮೆರಿಕನ್’ ಎಂಬ ಹೆಸರಿನಲ್ಲಿ ಆ ಹತ್ತಿ ಪೇಟೆಗೆ ಪರಿಚಯವಾಗಿತ್ತು. ಅದನ್ನು ಘಟ್ಟ ಇಳಿಸಿ ನೇರವಾಗಿ ಹಡಗಿಗೆ ಹೇರಲು ಕಾರವಾರದ ಬಳಿ, ಸದಾಶಿವಗಡದಲ್ಲಿ, ಬಂದರು ಬೇಕೆಂದು ಮ್ಯಾಂಚೆಸ್ಟರಿನ ವರ್ತಕರು ಸರ್ಕಾರದ ಬೆನ್ನು ಬಿದ್ದರು. ಕೈಗಾ ಘಟ್ಟದ ದಾರಿ ಆ ಒತ್ತಾಯದ ಕಾಲದ್ದು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸ್ ಪ್ರಾಂತದಿಂದ ಕಿತ್ತು ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಈ ಹತ್ತಿಯ ಲೆಕ್ಕಾಚಾರವಿತ್ತು. 1865ರಲ್ಲಿ ಯುದ್ಧ ಮುಗಿಯಿತು, ಅಮೆರಿಕದ ಹತ್ತಿ ಮರಳಿ ಬಂತು, ನಮ್ಮ ಹತ್ತಿಯ ಧಾರಣೆ ಕುಸಿಯಿತು. ಏಳು ಸಮುದ್ರದಾಚೆಯ ಒಂದು ಊರಿನ ಗಿರಣಿಗಳು ನಡೆಯುವುದೋ ನಿಲ್ಲುವುದೋ ಎಂಬುದರ ಮೇಲೆ ಗದಗ, ಹುಬ್ಬಳ್ಳಿಗಳ ರೈತನ ಸಾಲ ತೀರುವುದೋ ಬೆಳೆಯುವುದೋ ನಿಂತಿತ್ತು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದವರ ಕಣ್ಣಿಗೆ ಮ್ಯಾಂಚೆಸ್ಟರ್ ಬೇರೆಯೇ ಕಾಣುತ್ತದೆ.

ಇನ್ನು ಹೊರಡುವ ಸಿದ್ಧತೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗಿನ ಕಾಲ ಒಳ್ಳೆಯದು. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಯಾದರೂ ಬೆಳಕಿರುತ್ತದೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲೆ. ಮಳೆಯ ಊರು ಎಂಬ ಕೀರ್ತಿ ಮ್ಯಾಂಚೆಸ್ಟರಿಗೆ ಅಂಟಿಕೊಂಡಿದೆ. ನಿಜ ಹೇಳಬೇಕೆಂದರೆ ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆಗಿಂತ ಅಲ್ಲಿನದು ಕಡಿಮೆ. ನಮ್ಮಲ್ಲಿ ಒಂದು ಸಂಜೆ ಧೋ ಎಂದು ಸುರಿದು ಮುಗಿಯುವ ಮಳೆ ಅಲ್ಲಿ ದಿನಗಟ್ಟಲೆ ಜಿನುಗುತ್ತದೆ, ಅಷ್ಟೇ ವ್ಯತ್ಯಾಸ. ಗಾಳಿಗೆ ಛತ್ರಿ ಮಗುಚಿಕೊಳ್ಳುತ್ತದೆ. ತಲೆ ಮುಚ್ಚುವ, ನೀರು ಇಳಿಯದ ಒಂದು ಜಾಕೆಟ್ಟು, ಒದ್ದೆ ನೆಲದಲ್ಲಿ ಜಾರದ ಬೂಟು ಇದ್ದರೆ ಸಾಕು. ಆ ತೇವದ ಗಾಳಿಯಲ್ಲಿ ನೂಲು ಬೇಗ ಕಡಿಯುವುದಿಲ್ಲ. ಹತ್ತಿಯ ಉದ್ಯಮ ಅಲ್ಲಿ ಬೇರುಬಿಡಲು ಅದೂ ಒಂದು ಕಾರಣ.

ಲಂಡನ್ನಿನ ಯೂಸ್ಟನ್ ನಿಲ್ದಾಣದಿಂದ ರೈಲು ಹತ್ತಿದರೆ ಎರಡು, ಎರಡೂಕಾಲು ತಾಸಿನಲ್ಲಿ ಮ್ಯಾಂಚೆಸ್ಟರ್ ಪಿಕಾಡಿಲಿ. ಲೀಡ್ಸ್, ಲಿವರ್‌ಪೂಲ್‌ಗಳಿಂದ ಒಂದು ತಾಸಿನ ಆಸುಪಾಸು. ನೇರವಾಗಿ ವಿಮಾನದಲ್ಲಿ ಇಳಿದವರಿಗೆ ನಿಲ್ದಾಣದೊಳಗಿನಿಂದಲೇ ರೈಲು ಸಿಗುತ್ತದೆ, ಊರ ನಡುವಿಗೆ ಇಪ್ಪತ್ತು ನಿಮಿಷ. ಅಲ್ಲಿನ ರೈಲು ದರದ ವಿಚಾರ ತಿಳಿದಿರಬೇಕು. ಹೊರಡುವ ದಿನ ಕೌಂಟರಿನಲ್ಲಿ ಕೊಂಡ ಟಿಕೆಟ್ಟಿಗೂ ವಾರಗಟ್ಟಲೆ ಮುಂಚೆ, ಇಂಥದೇ ರೈಲು ಎಂದು ಗೊತ್ತುಮಾಡಿ ಕೊಂಡ ಟಿಕೆಟ್ಟಿಗೂ ಅಜಗಜಾಂತರ. ಅರುವತ್ತು ದಾಟಿದವರಿಗೆ, ಜೊತೆಯಾಗಿ ಪ್ರಯಾಣ ಮಾಡುವ ಇಬ್ಬರಿಗೆ ರಿಯಾಯಿತಿ ಕಾರ್ಡುಗಳೂ ಇವೆ. ಖರ್ಚು ಇನ್ನೂ ಇಳಿಸಬೇಕೆನ್ನುವವರಿಗೆ ದೂರದ ಬಸ್ಸುಗಳಿವೆ. ತಡವಾಗುತ್ತದೆ, ಆದರೆ ಅಗ್ಗ.

ಉಳಿಯುವ ಜಾಗ ಗೊತ್ತುಮಾಡುವ ಮುನ್ನ ಎರಡು ಸಂಗತಿ ನೋಡಿಕೊಳ್ಳಿ: ಆ ದಿನ ಊರಿನಲ್ಲಿ ಫುಟ್‌ಬಾಲ್ ಪಂದ್ಯ ಇದೆಯೇ, ದೊಡ್ಡ ಸಂಗೀತ ಕಛೇರಿ ಇದೆಯೇ? ಇದ್ದರೆ ಹೋಟೆಲ್ ಬಾಡಿಗೆ ಆಕಾಶಕ್ಕೆ ಏರಿರುತ್ತದೆ. ಪಿಕಾಡಿಲಿ, ಆಕ್ಸ್‌ಫರ್ಡ್ ರೋಡ್, ಡೀನ್ಸ್‌ಗೇಟ್ ಈ ಮೂರು ರೈಲು ನಿಲ್ದಾಣಗಳ ನಡುವೆ ಎಲ್ಲಿ ಉಳಿದರೂ ಎಲ್ಲದಕ್ಕೂ ನಡೆದೇ ಹೋಗಬಹುದು. ನಾರ್ದರ್ನ್ ಕ್ವಾರ್ಟರ್ ಎಂಬ ಬಡಾವಣೆ ಹಗಲು ಸೊಗಸು, ಆದರೆ ಶುಕ್ರವಾರ ಶನಿವಾರ ರಾತ್ರಿ ಅಲ್ಲಿ ಗದ್ದಲ ಜೋರು. ನಿದ್ದೆ ಬೇಕೆನ್ನುವ ಹಿರಿಯರು ಆ ಬೀದಿಗಳಲ್ಲಿ ಕೋಣೆ ಹಿಡಿಯದಿರುವುದು ಮೇಲು. 2023ರಿಂದ ನಗರ ಕೇಂದ್ರದ ಬಹಳಷ್ಟು ಹೋಟೆಲುಗಳಲ್ಲಿ ಕೋಣೆಯೊಂದಕ್ಕೆ ರಾತ್ರಿಗೆ ಒಂದು ಪೌಂಡು ಪ್ರವಾಸಿ ಶುಲ್ಕ, ಅದರ ಮೇಲೆ ತೆರಿಗೆ ಸೇರುತ್ತದೆ. ಬಿಲ್ಲಿನಲ್ಲಿ ಅದನ್ನು ಕಂಡು ಗಾಬರಿಯಾಗಬೇಡಿ.

ಊರೊಳಗೆ ಓಡಾಡಲು ಹಳದಿ ಬಣ್ಣದ ಟ್ರಾಮುಗಳಿವೆ. 1992ರಲ್ಲಿ ಶುರುವಾದ ವ್ಯವಸ್ಥೆ ಅದು. ಬಸ್ಸುಗಳಿಗೂ ಈಗ ಅದೇ ಹಳದಿ ಬಣ್ಣ, ಅವುಗಳ ಮೇಲೆ ಜೇನುನೊಣದ ಗುರುತು. ಬ್ಯಾಂಕಿನ ಕಾರ್ಡನ್ನೇ ಮುಟ್ಟಿಸಿ ಹತ್ತಬಹುದು. ಟ್ರಾಮಿಗೆ ಮಾತ್ರ ಹತ್ತುವಾಗಲೂ ಇಳಿದ ಮೇಲೂ ನಿಲ್ದಾಣದ ಯಂತ್ರಕ್ಕೆ ಕಾರ್ಡು ಮುಟ್ಟಿಸಬೇಕು. ಮರೆತರೆ ಹೆಚ್ಚು ದುಡ್ಡು ಹೋಗುತ್ತದೆ. ಆ ಜೇನುನೊಣ 1842ರಲ್ಲಿ ನಗರದ ಲಾಂಛನಕ್ಕೆ ಸೇರಿದ್ದು, ದುಡಿಮೆಯ ಸಂಕೇತವಾಗಿ. ಬೀದಿಯ ಕಂಬಗಳ ಮೇಲೆ, ಕಸದ ತೊಟ್ಟಿಗಳ ಮೇಲೆ, ಕಟ್ಟಡಗಳ ನೆಲಹಾಸಿನಲ್ಲಿ ಅದು ಕಾಣಿಸುತ್ತಲೇ ಇರುತ್ತದೆ. ಜೊತೆಗೆ ಮಕ್ಕಳಿದ್ದರೆ ಎಣಿಸಲು ಹೇಳಿ, ದಾರಿ ಸವೆದದ್ದೇ ತಿಳಿಯುವುದಿಲ್ಲ.

ಗುರುವಾರ ಸಂಜೆ ಊರು ಸೇರಿ, ಶುಕ್ರವಾರ ಶನಿವಾರ ಪೂರ್ತಿ ನೋಡಿ, ಭಾನುವಾರ ಮಧ್ಯಾಹ್ನ ಹೊರಡುವುದು ನನ್ನ ದೃಷ್ಟಿಯಲ್ಲಿ ಅನುಕೂಲದ ಲೆಕ್ಕ. ಕೆಲವು ಗ್ರಂಥಾಲಯ, ಗ್ಯಾಲರಿಗಳು ವಾರದ ಮೊದಲ ದಿನಗಳಲ್ಲಿ ಬಾಗಿಲು ಮುಚ್ಚಿರುತ್ತವೆ. ಭಾನುವಾರ ಅಲ್ಲಿನ ಕಾನೂನಿನಂತೆ ದೊಡ್ಡ ಅಂಗಡಿಗಳು ಆರೇ ತಾಸು ತೆರೆದಿರುತ್ತವೆ. ಹೋಗುವ ಮುನ್ನ ಆಯಾ ಜಾಗದ ವೇಳೆ ಮತ್ತೊಮ್ಮೆ ನೋಡಿಕೊಳ್ಳಿ.

ಶುಕ್ರವಾರ ಬೆಳಿಗ್ಗೆ ಕ್ಯಾಸಲ್‌ಫೀಲ್ಡಿನಿಂದ ಶುರುಮಾಡಿ. ಕ್ರಿ.ಶ. 79ರ ಹೊತ್ತಿಗೆ ರೋಮನ್ನರು ಕೋಟೆ ಕಟ್ಟಿದ ಜಾಗ ಅದು. 1760ರ ದಶಕದಲ್ಲಿ ಬ್ರಿಜ್‌ವಾಟರ್ ಕಾಲುವೆ ಅಲ್ಲಿಗೆ ಬಂದು ತಲುಪಿತು. ಗಣಿಯಿಂದ ದೋಣಿಯಲ್ಲಿ ಕಲ್ಲಿದ್ದಲು ಬಂದು ಬೀಳತೊಡಗಿದ ಮೇಲೆ ಊರಿನಲ್ಲಿ ಅದರ ಬೆಲೆ ಅರ್ಧಕ್ಕೆ ಇಳಿಯಿತು. ಕಾಲುವೆಯ ನೀರು, ಅದರ ಮೇಲೆ ಹಾದ ಇಟ್ಟಿಗೆ ಕಮಾನುಗಳು, ಕಬ್ಬಿಣದ ರೈಲು ಸೇತುವೆಗಳು, ದಂಡೆಯಲ್ಲಿ ಹಳೆಯ ಗೋದಾಮುಗಳು, ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ. ಅಲ್ಲೇ ಹಳೆಯ ರೈಲು ಸೇತುವೆಯೊಂದರ ಮೇಲೆ 2022ರಿಂದ ತೋಟ ಬೆಳೆಸಿದ್ದಾರೆ.

ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ಸೈನ್ಸ್ ಅಂಡ್ ಇಂಡಸ್ಟ್ರಿ ಮ್ಯೂಸಿಯಂ. ಅದು ಇರುವ ಜಾಗವೇ ಒಂದು ಚರಿತ್ರೆ. 1830ರ ಸೆಪ್ಟೆಂಬರ್ 15ರಂದು ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲು ಮಾರ್ಗ ಶುರುವಾಯಿತಲ್ಲ, ಉಗಿಬಂಡಿಗಳು ಎರಡು ನಗರಗಳ ನಡುವೆ ವೇಳಾಪಟ್ಟಿಯಂತೆ ಓಡಿದ ಮೊದಲ ಮಾರ್ಗ, ಅದರ ಈ ತುದಿಯ ನಿಲ್ದಾಣ ಇದೇ. ಲಿವರ್‌ಪೂಲ್ ಬಂದರಿನಲ್ಲಿ ಇಳಿದ ಹತ್ತಿಯ ಅಂಡಿಗೆಗಳು ಇಲ್ಲಿಗೆ ಬಂದು ಬೀಳುತ್ತಿದ್ದವು. ಪ್ರವೇಶಕ್ಕೆ ದುಡ್ಡಿಲ್ಲ. ಹಳೆಯ ಕಟ್ಟಡಗಳ ದುರಸ್ತಿಗೆಂದು ಕೆಲವು ಭಾಗ ಮುಚ್ಚಿರುವುದುಂಟು, ಹಾಗಿದ್ದರೂ ಬಟ್ಟೆಯ ಗ್ಯಾಲರಿ ಒಂದನ್ನು ನೋಡಿದರೂ ಹೋದದ್ದು ಸಾರ್ಥಕ.

ಅಲ್ಲಿ ಹಳೆಯ ಯಂತ್ರಗಳನ್ನು ಹೊತ್ತುಹೊತ್ತಿಗೆ ಓಡಿಸಿ ತೋರಿಸುತ್ತಾರೆ. ಹಿಂಜಿದ ಅರಳೆ ತೆಳ್ಳನೆಯ ಹಾಳೆಯಾಗಿ ಒಂದು ಯಂತ್ರದಿಂದ ಹೊರಬರುತ್ತದೆ. ಅದು ಹಗ್ಗದ ಗಾತ್ರಕ್ಕೆ ಕೂಡಿಕೊಂಡು, ಮುಂದಿನ ಯಂತ್ರದಲ್ಲಿ ಎಳೆದು ಎಳೆದು ಸಣ್ಣದಾಗಿ, ತಿರುವಿಸಿಕೊಂಡು ಕದಿರಿಗೆ ಸುತ್ತಿಕೊಳ್ಳುವಾಗ ನೂಲಾಗಿರುತ್ತದೆ. ಕೊನೆಗೆ ಮಗ್ಗ. ಒಂದೇ ಮಗ್ಗ ಓಡತೊಡಗಿದರೂ ಲಾಳಿಯ ಬಡಿತಕ್ಕೆ ಪಕ್ಕದವರ ಮಾತು ಕೇಳಿಸುವುದಿಲ್ಲ. ಇಂಥವು ನೂರಾರು ಒಂದೇ ಕೊಠಡಿಯಲ್ಲಿ ದಿನವಿಡೀ ಓಡುತ್ತಿದ್ದವು. ಹಾಗಾಗಿ ಗಿರಣಿಯ ಹೆಂಗಸರು ಸದ್ದಿಲ್ಲದೆ ತುಟಿಯನ್ನು ಅಗಲವಾಗಿ ಆಡಿಸಿ, ಒಬ್ಬರ ಬಾಯನ್ನು ಒಬ್ಬರು ಓದಿ ಮಾತಾಡಿಕೊಳ್ಳುವುದನ್ನು ಕಲಿತಿದ್ದರು. ಎಷ್ಟೋ ಜನಕ್ಕೆ ಮುಪ್ಪಿಗೆ ಮುಂಚೆಯೇ ಕಿವಿ ಹೋಗುತ್ತಿತ್ತು. ಅಗ್ಗದ ಬಟ್ಟೆಯ ಬೆಲೆಯನ್ನು ಯಾರು ಯಾರು ತೆತ್ತರು ಎಂಬುದು ಅಲ್ಲಿ ನಿಂತಾಗ ಮನಸ್ಸಿಗೆ ನಾಟುತ್ತದೆ: ಅಮೆರಿಕದ ಹೊಲದ ಗುಲಾಮರು, ಲ್ಯಾಂಕಾಶೈರಿನ ಗಿರಣಿಯ ಹೆಂಗಸರು ಮಕ್ಕಳು, ಅದೇ ಬಟ್ಟೆ ಪೇಟೆಗೆ ಬಂದಾಗ ಮಗ್ಗ ಬಿಟ್ಟೇಳಬೇಕಾದ ನಮ್ಮ ನೇಕಾರರು.

ಮಧ್ಯಾಹ್ನ ಡೀನ್ಸ್‌ಗೇಟ್ ಬೀದಿ ಹಿಡಿದು ಜಾನ್ ರೈಲೆಂಡ್ಸ್ ಗ್ರಂಥಾಲಯಕ್ಕೆ ನಡೆಯಿರಿ. ಜಾನ್ ರೈಲೆಂಡ್ಸ್ ಹತ್ತಿ ಬಟ್ಟೆಯ ವ್ಯಾಪಾರದಲ್ಲಿ ಅಪಾರ ದುಡ್ಡು ಮಾಡಿದವನು. ಅವನು 1888ರಲ್ಲಿ ತೀರಿಕೊಂಡ ಮೇಲೆ ಹೆಂಡತಿ ಎನ್ರಿಕೆಟಾ, ಕ್ಯೂಬಾದಲ್ಲಿ ಹುಟ್ಟಿದವಳು, ಗಂಡನ ನೆನಪಿಗೆ ಈ ಗ್ರಂಥಾಲಯ ಕಟ್ಟಿಸಿದಳು. 1900ರ ಜನವರಿ 1ರಂದು ಅದು ಓದುಗರಿಗೆ ತೆರೆಯಿತು. ಬೀದಿಯ ಗದ್ದಲ ತಾಗದಿರಲೆಂದು ಓದುವ ಕೊಠಡಿಯನ್ನು ಎತ್ತರದಲ್ಲಿಟ್ಟಿದ್ದಾರೆ. ಕಲ್ಲಿನ ಮೆಟ್ಟಿಲೇರಿ ಒಳಗೆ ಹೋದರೆ ಚೂಪು ಕಮಾನಿನ ಚಾವಣಿ, ಬಣ್ಣದ ಗಾಜಿನ ಕಿಟಕಿ, ಎರಡೂ ಬದಿಗೆ ಪುಸ್ತಕದ ಗೂಡುಗಳು. ಯೋಹಾನನ ಸುವಾರ್ತೆಯ ಅತ್ಯಂತ ಹಳೆಯ ತುಣುಕೆಂದು ಹೆಸರಾದ ಪಪೈರಸ್ ಚೂರು, ಗುಟೆನ್‌ಬರ್ಗ್ ಬೈಬಲ್ ಇರುವುದು ಇಲ್ಲೇ. ಇದಕ್ಕೂ ಪ್ರವೇಶ ಉಚಿತ.

ಅಲ್ಲಿಂದ ಹತ್ತು ನಿಮಿಷದೊಳಗೆ ರಾಯಲ್ ಎಕ್ಸ್‌ಚೇಂಜ್. ಹತ್ತಿ, ನೂಲು, ಬಟ್ಟೆಗಳ ವ್ಯಾಪಾರ ಕುದುರುತ್ತಿದ್ದ ಮಹಾಸಭಾಂಗಣ ಇದು. ಸಾವಿರಾರು ದಲಾಲರು, ಗಿರಣಿ ಮಾಲೀಕರು ಇಲ್ಲಿ ನಿಂತೇ ಮಾತು ಮುಗಿಸುತ್ತಿದ್ದರು. 1968ರ ಕೊನೆಯ ದಿನ ವ್ಯಾಪಾರ ನಿಂತಿತು. 1976ರಲ್ಲಿ ಅದೇ ಸಭಾಂಗಣದ ನಡುವೆ, ಗಾಜು ಉಕ್ಕಿನ ಏಳು ಮೂಲೆಯ ರಂಗಮಂದಿರ ಎದ್ದಿತು. ನೆಲ ಅದರ ಭಾರ ಹೊರಲಾರದೆಂದು ಹಳೆಯ ದೊಡ್ಡ ಕಂಬಗಳಿಂದ ಅದನ್ನು ತೂಗುಹಾಕಿದ್ದಾರೆ. ಒಳಗೆ ಹೋದಾಗ ತಲೆಯೆತ್ತಿ ಗೋಡೆಯ ಮೇಲ್ಭಾಗ ನೋಡಿ. ಧಾರಣೆಯ ಹಲಗೆ ಇನ್ನೂ ಅಲ್ಲೇ ಇದೆ. ಕೊನೆಯ ದಿನ ಹತ್ತಿಗೆ ಎಷ್ಟಿತ್ತೋ ಆ ಅಂಕಿಗಳನ್ನು ಹಾಗೆಯೇ ಉಳಿಸಿದ್ದಾರೆ. ಹುಬ್ಬಳ್ಳಿಯ, ಗದಗಿನ ಹತ್ತಿ ಪೇಟೆಯಲ್ಲಿ ಸವಾಲು ಕೂಗುವುದನ್ನು ಕಂಡವರಿಗೆ ಆ ಹಲಗೆಯ ಮುಂದೆ ಹೆಚ್ಚಿನ ವಿವರಣೆ ಬೇಕಾಗುವುದಿಲ್ಲ. ರಾತ್ರಿ ನಾಟಕವಿದ್ದರೆ ಟಿಕೆಟ್ಟು ಮೊದಲೇ ಕೊಳ್ಳಿ. ನಟರ ಸುತ್ತ ನಾಲ್ಕೂ ಕಡೆ ಪ್ರೇಕ್ಷಕರು ಕೂರುವ ಆ ಬಗೆ ನಮ್ಮ ಬಯಲಾಟ ನೋಡಿದವರಿಗೆ ಹೊಸದೆನಿಸದು.

ಅದೇ ಆವರಣದ ಬಳಿ, ಕಾರ್ಪೊರೇಷನ್ ಬೀದಿಯಲ್ಲಿ, ಒಂದು ಕೆಂಪು ಅಂಚೆಪೆಟ್ಟಿಗೆ ನಿಂತಿದೆ. 1996ರ ಜೂನ್ 15ರಂದು ಐರಿಷ್ ಉಗ್ರರ ಲಾರಿ ಬಾಂಬು ಸಿಡಿದು ಊರಿನ ನಡುಭಾಗ ಪುಡಿಯಾಯಿತು. ಪೊಲೀಸರು ಮೊದಲೇ ಜನರನ್ನು ತೆರವು ಮಾಡಿದ್ದರಿಂದ ಯಾರೂ ಸಾಯಲಿಲ್ಲ, ಇನ್ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಆ ಅಂಚೆಪೆಟ್ಟಿಗೆ ಮಾತ್ರ ನೆಟ್ಟಗೆ ನಿಂತೇ ಇತ್ತು. ಅದರ ಮೇಲೆ ಈಗ ಸಣ್ಣ ಫಲಕವಿದೆ. ಮುಂದೆ ನಡೆದರೆ ಕೆಥೀಡ್ರಲ್ಲಿನ ಬಳಿ 2017ರ ಮೇ 22ರ ದಾಳಿಯಲ್ಲಿ ಮಡಿದ 22 ಜನರ ಸ್ಮಾರಕವಿದೆ. ಹಾಡು ಕೇಳಲು ಹೋಗಿದ್ದ ಮಕ್ಕಳು, ಅವರನ್ನು ಕರೆದೊಯ್ಯಲು ಬಂದಿದ್ದ ಹಿರಿಯರು ಸತ್ತ ದಾಳಿ ಅದು. ಅಲ್ಲಿ ಒಂದು ಗಳಿಗೆ ನಿಂತು ಹೋಗಿ.

ಕೆಥೀಡ್ರಲ್ಲಿನ ಹೊರಗೆ ನಮ್ಮ ಗಾಂಧಿಯೂ ಇದ್ದಾರೆ. 2019ರಲ್ಲಿ ನಿಲ್ಲಿಸಿದ ಆ ಕಂಚಿನ ಪ್ರತಿಮೆ ಶಿಲ್ಪಿ ರಾಮ್ ಸುತಾರರದು. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಕೆಂಪೇಗೌಡರನ್ನು ನಿಲ್ಲಿಸಿದವರೂ ಅವರೇ. ಗಾಂಧೀಜಿ 1931ರ ಸೆಪ್ಟೆಂಬರಿನಲ್ಲಿ ಲ್ಯಾಂಕಾಶೈರಿನ ಡಾರ್ವೆನ್ ಊರಿಗೆ ಬಂದಿದ್ದರು. ವಿದೇಶಿ ಬಟ್ಟೆಯ ಬಹಿಷ್ಕಾರದಿಂದಲೂ ಕೆಲಸ ಕಳೆದುಕೊಂಡಿದ್ದ ಗಿರಣಿ ಕೂಲಿಗಳು ಆ ಬಹಿಷ್ಕಾರದ ನಾಯಕನನ್ನು ನಗುಮುಖದಿಂದ ಸುತ್ತುವರಿದರು. ಆ ಫೋಟೊ ನೀವೂ ನೋಡಿರುತ್ತೀರಿ. ಬಡವನ ಸಂಕಟ ಬಡವನಿಗೆ ಅರ್ಥವಾಗುತ್ತದೆ ಎನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ.

ಅಲ್ಲಿಯೇ ಇರುವ ಚೀತಮ್ಸ್ ಗ್ರಂಥಾಲಯ 1653ರದು. ಹಂಫ್ರಿ ಚೀತಮ್ ಎಂಬ ಬಟ್ಟೆ ವ್ಯಾಪಾರಿಯ ಉಯಿಲಿನಿಂದ ಹುಟ್ಟಿದ್ದು. 1845ರ ಬೇಸಿಗೆಯಲ್ಲಿ ಕಾರ್ಲ್ ಮಾರ್ಕ್ಸ್ ಮತ್ತು ಫ್ರೆಡರಿಕ್ ಎಂಗೆಲ್ಸ್ ಇಲ್ಲಿ ಕೂತು ಓದಿದರು. ಎಂಗೆಲ್ಸರ ತಂದೆಗೆ ಮ್ಯಾಂಚೆಸ್ಟರಿನ ಹತ್ತಿ ಗಿರಣಿಯೊಂದರಲ್ಲಿ ಪಾಲಿತ್ತು. ಕಿಟಕಿಯ ಪಕ್ಕದ ಆ ಮೇಜಿಗೆ ಇವತ್ತಿಗೂ ಹೋಗಿ ಕೂರಬಹುದು. ಗುಂಪಾಗಿ ಕರೆದೊಯ್ದು ತೋರಿಸುತ್ತಾರೆ, ಮೊದಲೇ ಟಿಕೆಟ್ ಕೊಂಡಿರಬೇಕು.

ಶನಿವಾರ ಜನರ ಹೋರಾಟದ ದಿನವಾಗಲಿ. ಸೇಂಟ್ ಪೀಟರ್ಸ್ ಚೌಕಕ್ಕೆ ಹೋಗಿ. 1819ರ ಆಗಸ್ಟ್ 16ರಂದು ಮತದಾನದ ಹಕ್ಕು ಕೇಳಿ ಸುಮಾರು 60,000 ಜನ, ಹೆಂಗಸರು ಮಕ್ಕಳ ಸಮೇತ, ಇಲ್ಲಿ ಶಾಂತವಾಗಿ ಸೇರಿದ್ದರು. ಕುದುರೆ ಸವಾರರು ಕತ್ತಿ ಹಿರಿದು ಆ ಗುಂಪಿನ ಮೇಲೆ ನುಗ್ಗಿದರು. 18 ಜನ ಸತ್ತರೆಂದು ಲೆಕ್ಕ, ಗಾಯಗೊಂಡವರು ನೂರಾರು. ಪೀಟರ್‌ಲೂ ಹತ್ಯಾಕಾಂಡವೆಂದು ಅದನ್ನು ಕರೆಯುತ್ತಾರೆ. ಆ ಘಟನೆಯ ಬೆನ್ನಿಗೇ, 1821ರಲ್ಲಿ, ಮ್ಯಾಂಚೆಸ್ಟರ್ ಗಾರ್ಡಿಯನ್ ಪತ್ರಿಕೆ ಹುಟ್ಟಿತು. ಅದೇ ಚೌಕದಲ್ಲಿ ಎಮಲೀನ್ ಪ್ಯಾಂಕ್‌ಹರ್ಸ್ಟ್ ಅವರ ಪ್ರತಿಮೆ ಇದೆ, ಕುರ್ಚಿಯ ಮೇಲೆ ನಿಂತು ಕೈಚಾಚಿ ಭಾಷಣ ಮಾಡುತ್ತಿರುವ ಭಂಗಿ. ಹೆಂಗಸರಿಗೆ ಮತದ ಹಕ್ಕು ಬೇಕೆಂದು ಅವರು 1903ರಲ್ಲಿ ಸಂಘ ಕಟ್ಟಿದ್ದು ಈ ಊರಿನ ತಮ್ಮ ಮನೆಯಲ್ಲಿ. ಪಕ್ಕದ ದುಂಡನೆಯ ಸೆಂಟ್ರಲ್ ಲೈಬ್ರರಿಯಲ್ಲಿ ಕೂತು ದಣಿವಾರಿಸಿಕೊಳ್ಳಬಹುದು, ಯಾರೂ ಏನೂ ಕೇಳುವುದಿಲ್ಲ.

ಇನ್ನೊಂದು ಪ್ರತಿಮೆ ತಪ್ಪಿಸಬೇಡಿ: ಲಿಂಕನ್ ಚೌಕದಲ್ಲಿರುವ ಅಬ್ರಹಾಂ ಲಿಂಕನ್. ಅಮೆರಿಕದ ಅಧ್ಯಕ್ಷನಿಗೆ ಇಲ್ಲೇನು ಕೆಲಸ? ಹತ್ತಿಯ ಕ್ಷಾಮದ ನಡುವೆ, 1862ರ ಕೊನೆಯ ದಿನ, ಮ್ಯಾಂಚೆಸ್ಟರಿನ ದುಡಿಯುವ ಜನ ಸಭೆ ಸೇರಿ ಗುಲಾಮಗಿರಿಯ ವಿರುದ್ಧ ಲಿಂಕನ್‌ಗೆ ಬೆಂಬಲ ಸೂಚಿಸಿ ಪತ್ರ ಬರೆದರು. ದಿಗ್ಬಂಧನ ತೆಗೆದರೆ ತಮಗೆ ಕೂಲಿ ಸಿಗುತ್ತದೆ ಎಂದು ಗೊತ್ತಿದ್ದೂ ಬರೆದರು. ಮರುತಿಂಗಳೇ ಲಿಂಕನ್ ಅವರಿಗೆ ಕೃತಜ್ಞತೆಯ ಉತ್ತರ ಕಳಿಸಿದರು. ಹಸಿದ ಹೊಟ್ಟೆಯಲ್ಲಿ ಪರರ ಬಿಡುಗಡೆಯನ್ನು ಬಯಸುವುದು ಸಣ್ಣ ಮಾತಲ್ಲ. ನನ್ನ ಮಟ್ಟಿಗೆ ಮ್ಯಾಂಚೆಸ್ಟರಿನ ದೊಡ್ಡಸ್ತಿಕೆ ಇರುವುದು ಇದರಲ್ಲಿ.

ಮಧ್ಯಾಹ್ನ ಆಕ್ಸ್‌ಫರ್ಡ್ ರೋಡಿನ ಬಸ್ಸು ಹತ್ತಿ ವಿಶ್ವವಿದ್ಯಾಲಯದ ಕಡೆಗೆ. ರುದರ್‌ಫೋರ್ಡ್ ಪರಮಾಣುವಿನ ಬೀಜಕೇಂದ್ರವನ್ನು ಕಂಡುಕೊಂಡದ್ದು, 1948ರಲ್ಲಿ ತನ್ನ ನೆನಪಿನಲ್ಲೇ ಪ್ರೋಗ್ರಾಮನ್ನು ಇಟ್ಟುಕೊಂಡು ಓಡಿದ ಮೊದಲ ಕಂಪ್ಯೂಟರ್ ತಯಾರಾದದ್ದು, 2004ರಲ್ಲಿ ಗ್ರ್ಯಾಫೀನ್ ಪ್ರತ್ಯೇಕಿಸಿದ್ದು ಎಲ್ಲ ಇಲ್ಲೇ. ವಿಶ್ವವಿದ್ಯಾಲಯದ್ದೇ ಆದ ಮ್ಯಾಂಚೆಸ್ಟರ್ ಮ್ಯೂಸಿಯಂನಲ್ಲಿ 2023ರಲ್ಲಿ ದಕ್ಷಿಣ ಏಷ್ಯಾ ಗ್ಯಾಲರಿ ತೆರೆಯಿತು. ನಮ್ಮ ಕಡೆಯಿಂದ ಅಲ್ಲಿಗೆ ಹೋಗಿ ನೆಲೆಸಿದ ಕುಟುಂಬಗಳವರೇ ಪರಿಣತರ ಜೊತೆ ಕೂತು, ಏನನ್ನಿಡಬೇಕು, ಏನು ಬರೆಯಬೇಕು ಎಂದು ನಿರ್ಧರಿಸಿ ರೂಪಿಸಿದ ಗ್ಯಾಲರಿ. ಸಿಂಗ್ ಅವಳಿ ಸೋದರಿಯರು ಬರೆದ ದೊಡ್ಡ ಚಿತ್ರ ಅಲ್ಲಿದೆ. 2025ರಲ್ಲಿ ಯುರೋಪಿನ ವರ್ಷದ ಮ್ಯೂಸಿಯಂ ಪ್ರಶಸ್ತಿ ಈ ಮ್ಯೂಸಿಯಂಗೆ ಸಿಕ್ಕಿತು. ಪ್ರವೇಶ ಉಚಿತ.

ಅದೇ ರಸ್ತೆಯಲ್ಲಿ ಮುಂದೆ ಹೋದರೆ ರಷಮ್ ಎಂಬ ಬಡಾವಣೆಯ ಕರಿ ಮೈಲ್. ಪಾಕಿಸ್ತಾನಿ, ಬಾಂಗ್ಲಾ, ಅರಬ್ ಹೋಟೆಲುಗಳು, ಮಿಠಾಯಿ ಅಂಗಡಿಗಳು ಸಾಲುಸಾಲಾಗಿ ತಡರಾತ್ರಿಯವರೆಗೆ ತೆರೆದಿರುತ್ತವೆ. ಊಟದ ಮಾತು ಬಂದಿತಲ್ಲ, ಸಸ್ಯಾಹಾರಿಗಳು ಚಿಂತಿಸಬೇಕಾಗಿಲ್ಲ. ಪಕ್ಕದ ಸಾಲ್ಫೋರ್ಡಿನಲ್ಲಿ ಇಗರ್ಜಿಯೊಂದರ ಪಾದ್ರಿ ವಿಲಿಯಂ ಕೌಹರ್ಡ್ 1809ರಲ್ಲೇ ಮಾಂಸ ಬಿಡಿರೆಂದು ಬೋಧಿಸಿದ್ದ. ಅವನ ಅನುಯಾಯಿಗಳು 1847ರಲ್ಲಿ ಇಂಗ್ಲೆಂಡಿನ ಸಸ್ಯಾಹಾರಿ ಸಂಘ ಕಟ್ಟುವುದರಲ್ಲಿ ಮುಂದಾಳುಗಳಾಗಿದ್ದರು. ಅಂಥ ಸೀಮೆಯಲ್ಲಿ ಇವತ್ತು ಸಣ್ಣ ಕೆಫೆಯಲ್ಲೂ ಮಾಂಸವಿಲ್ಲದ ತಿನಿಸುಗಳು ಸಿಗುತ್ತವೆ. ನಾರ್ದರ್ನ್ ಕ್ವಾರ್ಟರಿನ ಹಿಂದಿನ ಗಲ್ಲಿಗಳಲ್ಲಿ ‘ರೈಸ್ ಅಂಡ್ ತ್ರೀ’ ಎಂಬ ಊಟ ಸಿಗುತ್ತದೆ: ತಟ್ಟೆ ತುಂಬ ಅನ್ನ, ಮೇಲೆ ಮೂರು ಬಗೆಯ ಪಲ್ಯ, ಸಾರು. ಸಿದ್ಧ ಉಡುಪಿನ ಸಗಟು ಅಂಗಡಿಗಳಲ್ಲಿ ದುಡಿಯುತ್ತಿದ್ದ ನಮ್ಮ ಉಪಖಂಡದ ಜನರಿಗಾಗಿ ಶುರುವಾದ ಕ್ಯಾಂಟೀನುಗಳ ಊಟ ಅದು. ಬೇಳೆ, ಆಲೂಗಡ್ಡೆ, ಪಾಲಕ್ ಎಂದು ಮೂರನ್ನೂ ಸಸ್ಯಾಹಾರದಲ್ಲೇ ಆರಿಸಿಕೊಳ್ಳಬಹುದು, ಹೊಟ್ಟೆಗೂ ಕಿಸೆಗೂ ಹಿತ.

ಭಾನುವಾರ ಬೆಳಿಗ್ಗೆ ನಿಮ್ಮ ನಿಮ್ಮ ಆಸಕ್ತಿಗೆ ಬಿಟ್ಟದ್ದು. ಕ್ರಿಕೆಟ್ ಪ್ರೇಮಿಗಳು ಟ್ರಾಮಿನಲ್ಲಿ ಓಲ್ಡ್ ಟ್ರ್ಯಾಫರ್ಡಿಗೆ ಹೋಗಬೇಕು. ಆ ಹೆಸರಿನಲ್ಲಿ ಎರಡು ಮೈದಾನಗಳಿವೆ, ಒಂದು ಫುಟ್‌ಬಾಲಿನದು, ಒಂದು ಕ್ರಿಕೆಟ್ಟಿನದು. ಒಂದರಿಂದ ಇನ್ನೊಂದಕ್ಕೆ ನಡೆದು ಹೋಗುವಷ್ಟೇ ದೂರ. ನಮ್ಮ ಅನಿಲ್ ಕುಂಬ್ಳೆ 1990ರ ಆಗಸ್ಟಿನಲ್ಲಿ ಟೆಸ್ಟ್ ಜೀವನ ಶುರುಮಾಡಿದ್ದು ಈ ಕ್ರಿಕೆಟ್ ಮೈದಾನದಲ್ಲಿ. ಹದಿನೇಳರ ಹುಡುಗ ಸಚಿನ್ ತೆಂಡೂಲ್ಕರ್ ಮೊದಲ ಟೆಸ್ಟ್ ಶತಕ ಹೊಡೆದದ್ದೂ ಅದೇ ಪಂದ್ಯದಲ್ಲಿ. 1956ರಲ್ಲಿ ಜಿಮ್ ಲೇಕರ್ ಒಂದೇ ಇನಿಂಗ್ಸಿನಲ್ಲಿ ಹತ್ತೂ ವಿಕೆಟ್ ಕಿತ್ತದ್ದು ಇದೇ ನೆಲದಲ್ಲಿ. ಆ ಸಾಧನೆಯನ್ನು ಟೆಸ್ಟಿನಲ್ಲಿ ಮತ್ತೆ ಮಾಡಿ ತೋರಿಸಲು 1999ರ ದೆಹಲಿಯಲ್ಲಿ ಕುಂಬ್ಳೆಯೇ ಬರಬೇಕಾಯಿತು. ಫುಟ್‌ಬಾಲ್ ಪಂದ್ಯ ನೋಡುವ ಆಸೆಯಿದ್ದರೆ ಟಿಕೆಟ್ಟನ್ನು ಕ್ಲಬ್ಬಿನಿಂದಲೇ ಕೊಳ್ಳಿ. ಅನುಮತಿ ಇಲ್ಲದೆ ಅದನ್ನು ಬೀದಿಯಲ್ಲಿ ಮಾರುವುದು ಅಲ್ಲಿ ಅಪರಾಧ.

ಹತ್ತಿಯ ಜಾಡನ್ನೇ ಮುಂದುವರಿಸುವವರಿಗೆ ವಿಮಾನ ನಿಲ್ದಾಣದ ಹತ್ತಿರ, ಸ್ಟೈಲ್ ಎಂಬ ಹಳ್ಳಿಯಲ್ಲಿ, ಕ್ವಾರಿ ಬ್ಯಾಂಕ್ ಗಿರಣಿ ಇದೆ. 1784ರದು. ನೀರಿನ ದೊಡ್ಡ ಚಕ್ರ ಈಗಲೂ ತಿರುಗುತ್ತದೆ. ದಿಕ್ಕಿಲ್ಲದ ಮಕ್ಕಳನ್ನು ತಂದು ಇಟ್ಟು ದುಡಿಸುತ್ತಿದ್ದ ಮನೆಯನ್ನೂ ಹಾಗೆಯೇ ಉಳಿಸಿದ್ದಾರೆ. ಅದನ್ನು ಕಟ್ಟಿಸಿದ ಗ್ರೆಗ್ ಕುಟುಂಬಕ್ಕೆ ಕೆರಿಬಿಯನ್ ದ್ವೀಪದಲ್ಲಿ ಗುಲಾಮರ ತೋಟವೂ ಇತ್ತು ಎಂಬುದನ್ನು ಈಗ ಬಚ್ಚಿಡುವುದಿಲ್ಲ. ಇದಕ್ಕೆ ಟಿಕೆಟ್ ಇದೆ.

ಇಷ್ಟೆಲ್ಲ ಹೇಳಿದ ಮೇಲೂ ಬಿಟ್ಟದ್ದು ಬಹಳ: ಸಾಲ್ಫೋರ್ಡಿನ ಲೌರಿ ಚಿತ್ರಶಾಲೆ, ಹ್ಯಾಲೆ ವಾದ್ಯವೃಂದ, ಆ್ಯಂಕೋಟ್ಸ್‌ನ ಗಿರಣಿ ಬೀದಿಗಳು. ಇರಲಿ. ಅವಸರದಲ್ಲಿ ಹತ್ತು ಜಾಗ ಮುಟ್ಟಿ ಬರುವುದಕ್ಕಿಂತ ನಾಲ್ಕು ಕಡೆ ನಿಂತು ನೋಡಿದರೆ ಲಾಭ.

ಅಲ್ಲಿರುವ ನಮ್ಮ ಮಕ್ಕಳಿಗೆ ಒಂದು ಮಾತು. ಅಪ್ಪ ಅಮ್ಮ, ಅಜ್ಜ ಅಜ್ಜಿ ಬಂದಾಗ ಅವರನ್ನು ಅಂಗಡಿ ಬೀದಿಗೆ ಕರೆದೊಯ್ಯುವ ಮುನ್ನ ಆ ಮಗ್ಗದ ಮುಂದೆ, ಆ ಧಾರಣೆಯ ಹಲಗೆಯ ಕೆಳಗೆ ನಿಲ್ಲಿಸಿ. ಹತ್ತಿ ಬಿತ್ತಿದವರು, ಬಿಡಿಸಿದವರು, ಚೀಲಕ್ಕೆ ತುಳಿದು ತುಂಬಿದವರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಅಲ್ಲಿ ಬರೆದಿಟ್ಟ ಫಲಕಗಳಲ್ಲಿಲ್ಲದ ಅರ್ಧ ಕತೆ ಅವರಿಗೆ ಗೊತ್ತು. ಅದನ್ನು ಅವರ ಬಾಯಿಂದಲೇ ಕೇಳಿ, ಬರೆದಿಟ್ಟುಕೊಳ್ಳಿ. ಮ್ಯಾಂಚೆಸ್ಟರಿನ ಚರಿತ್ರೆ ಪೂರ್ತಿಯಾಗಬೇಕಾದರೆ ಅದೂ ಸೇರಬೇಕು.